ಗ್ರಿಲ್ ಪಕ್ಕಕ್ಕೊಂದು ಮೇಜು: ಜಾಗವೂ ಕಡಿಮೆ, ಉಪಕರಣವೂ ಕಡಿಮೆ ಇದ್ದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗೆ ಗ್ರಿಲ್ ಹಚ್ಚಿದ ಮೊದಲ ದಿನವೇ ಒಂದು ವಿಷಯ ಗೊತ್ತಾಗುತ್ತದೆ. ಕೆಂಡ ಮಾಡುವುದು ಅಷ್ಟೇನೂ ಕಷ್ಟವಲ್ಲ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಬಿಸಿ ತಟ್ಟೆ ಹಿಡಿದುಕೊಂಡು, ಇದನ್ನೀಗ ಎಲ್ಲಿ ಇಡಲಿ ಎಂದು ಸುತ್ತ ನೋಡುವ ಹೊತ್ತು ಕಷ್ಟ. ಕೊನೆಗೆ ತಟ್ಟೆ ನೆಲಕ್ಕೆ ಹೋಗುತ್ತದೆ. ಹಿಂದೆಯೇ ಇರುವೆ ಬರುತ್ತದೆ.

ದೊಡ್ಡ ಅಂಗಳ ಇಲ್ಲದ, ಬಡಗಿ ಕೆಲಸ ಬಾರದ, ಮನೆಯಲ್ಲಿ ಒಂದು ಸುತ್ತಿಗೆ ಮತ್ತು ಒಂದು ಸ್ಕ್ರೂ ಡ್ರೈವರ್ ಬಿಟ್ಟು ಬೇರೇನೂ ಇರದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಳಗಿನ ಉತ್ತರಗಳನ್ನು ಬರೆದಿದ್ದೇನೆ. ನಾನೂ ಅವರಲ್ಲೊಬ್ಬ.

ಮೇಜು ಬೇಕೇ ಬೇಕಾ? ಅಡುಗೆಮನೆಯಿಂದ ಒಂದೊಂದೇ ತಂದುಕೊಂಡರೆ ಆಗಲ್ವಾ?

ಆಗುತ್ತದೆ. ಆದರೆ ನೀವು ಒಳಗೆ ಹೋದಾಗ ಬೆಂಕಿ ಮುಂದೆ ಯಾರೂ ಇರುವುದಿಲ್ಲ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿ ಏಳುವುದು ಸರಿಯಾಗಿ ಆ ಅರ್ಧ ನಿಮಿಷದಲ್ಲೇ. ಮೇಜು ಇದ್ದರೆ ನಿಮ್ಮ ಕಾಲು ಗ್ರಿಲ್ ಬಿಟ್ಟು ಕದಲುವುದಿಲ್ಲ. ಮೇಜಿನ ದೊಡ್ಡ ಲಾಭ ಅದೇ. ಚೆಂದ, ಅನುಕೂಲ ಎಲ್ಲ ಆಮೇಲಿನದು.

ಎಷ್ಟು ದೊಡ್ಡದು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು ಸಾಕು. ಒಮ್ಮೆ ಲೆಕ್ಕ ಹಾಕಿ: ಹಸಿ ಪದಾರ್ಥದ ಒಂದು ಟ್ರೇ, ಬೆಂದದ್ದನ್ನು ಇಳಿಸಲು ಇನ್ನೊಂದು ಟ್ರೇ, ನಡುವೆ ಇಕ್ಕಳ, ಬ್ರಷ್, ಉಪ್ಪು, ಎಣ್ಣೆ ಇಡುವಷ್ಟು ಸಂದು. ಇಷ್ಟಕ್ಕೆ 90 ಸೆಂ.ಮೀ. ಉದ್ದ, 45ರಿಂದ 50 ಸೆಂ.ಮೀ. ಅಗಲ ಧಾರಾಳ. 60 ಸೆಂ.ಮೀ. ಉದ್ದದಲ್ಲೂ ನಡೆಯುತ್ತದೆ, ಆದರೆ ತರಕಾರಿ ಹೆಚ್ಚುವ ಕೆಲಸವನ್ನು ಒಳಗೇ ಮುಗಿಸಿಕೊಂಡು ಬರಬೇಕು. ಅಗಲ 60 ಸೆಂ.ಮೀ. ದಾಟಿದರೆ ಹಿಂದಿನ ಅರ್ಧ ಸುಮ್ನೆ ಸಾಮಾನು ಗುಡ್ಡೆ ಹಾಕುವ ಜಾಗ ಆಗುತ್ತದೆ.

ಕೊಳ್ಳುವ, ಕೊಯ್ಯುವ ಮೊದಲು ಒಂದು ಕೆಲಸ ಮಾಡಿ. ಹಳೆಯ ರಟ್ಟಿನ ಪೆಟ್ಟಿಗೆ ಬಿಚ್ಚಿ ಅಂದುಕೊಂಡ ಅಳತೆಗೆ ಕತ್ತರಿಸಿ. ಗ್ರಿಲ್ ಹಚ್ಚುವ ಮುಂಚೆ ಅದರ ಪಕ್ಕ ನೆಲದ ಮೇಲೆ ಹಾಸಿ, ಅದರ ಮೇಲೆ ತಟ್ಟೆಗಳನ್ನು ಜೋಡಿಸಿ ನೋಡಿ. ಬಾಗಿಲು ಪೂರ್ತಿ ತೆರೆಯುತ್ತದಾ? ಇನ್ನೊಬ್ಬರು ನಿಮ್ಮ ಹಿಂದಿನಿಂದ ಮೈ ತಾಗಿಸದೆ ದಾಟಬಹುದಾ? ರಟ್ಟಿನ ಮೇಲೆ ಮಾಡಿದ ತಪ್ಪಿಗೆ ಖರ್ಚಿಲ್ಲ.

ಎತ್ತರ?

ನಿಂತು ಮೊಣಕೈ ಮಡಚಿ. ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗೆ ಮೇಜಿನ ಮೇಲ್ಮೈ ಬರಬೇಕು. ತುಂಬ ಜನರಿಗೆ ಇದು 85-90 ಸೆಂ.ಮೀ. ಸುತ್ತ ಬೀಳುತ್ತದೆ. ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ ಇರುತ್ತದೆ. ನಿಂತುಕೊಂಡು ಅದರ ಮೇಲೆ ತರಕಾರಿ ಹೆಚ್ಚಿದರೆ ಅರ್ಧ ಗಂಟೆಗೆ ಸೊಂಟ ದೂರು ಕೊಡುತ್ತದೆ.

ಗ್ರಿಲ್ ಮತ್ತು ಮೇಜು ಒಂದೇ ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು, ತಟ್ಟೆಯನ್ನು ಎತ್ತಿ ಇಳಿಸುವ ಬದಲು ಪಕ್ಕಕ್ಕೆ ಸರಿಸಿದರೆ ಸಾಕು. ನಿಮ್ಮದು ನೆಲದ ಮೇಲಿಡುವ ಗಿಡ್ಡ ಗ್ರಿಲ್ ಆದರೆ ಮೇಲಿನ ಲೆಕ್ಕವನ್ನೆಲ್ಲ ಮರೆತುಬಿಡಿ. ನೀವೂ ಒಂದು ಗಿಡ್ಡ ಸ್ಟೂಲ್ ಹಾಕಿ ಕುಳಿತುಕೊಳ್ಳಿ, ಪಕ್ಕಕ್ಕೆ ಮಂಡಿ ಎತ್ತರದ ಹಲಗೆ ಇಟ್ಟುಕೊಳ್ಳಿ. ಜಾಗ ತೀರಾ ಕಡಿಮೆ ಇರುವಲ್ಲಿ ಕುಳಿತು ಸುಡುವುದೇ ಜಾಣತನ ಎಂದು ನನಗೆ ಅನ್ನಿಸಿದೆ. ಗಿಡ್ಡ ಮೇಜು ಅಷ್ಟು ಸುಲಭಕ್ಕೆ ಬೀಳುವುದೂ ಇಲ್ಲ.

ಇವತ್ತು ಸಂಜೆಗೇ ಬೇಕು, ಒಂದು ಉಪಕರಣವೂ ಇಲ್ಲ. ಏನು ಮಾಡಲಿ?

ಎರಡು ಗಟ್ಟಿ ಆಸರೆ, ಒಂದು ಹಲಗೆ. ಇದಕ್ಕಿಂತ ಹಳೆಯ ಮೇಜು ಲೋಕದಲ್ಲಿ ಇನ್ನೊಂದಿಲ್ಲ. ಹಳೆಯ ಕಪಾಟಿನ ಬಾಗಿಲು, ಮಂಚದ ಹಲಗೆ, ದಪ್ಪ ಪ್ಲೈವುಡ್ ತುಂಡು, ಏನಿದ್ದರೂ ಆದೀತು. ಪ್ಲೈವುಡ್ ಆದರೆ 18 ಮಿ.ಮೀ. ದಪ್ಪದ್ದು ಇರಲಿ. 12 ಮಿ.ಮೀ.ನದು ಒಂದು ಮೀಟರ್ ಅಂತರದ ಆಸರೆಗಳ ನಡುವೆ ತೂಕಕ್ಕೆ ಬಾಗುತ್ತದೆ.

ಆಸರೆ ಹುಡುಕುವುದೇ ಸ್ವಲ್ಪ ಕಷ್ಟ. ಎರಡು ಮಡಚುವ ಏಣಿಗಳು ಇದ್ದರೆ ಅವುಗಳನ್ನು ಪೂರ್ತಿ ಅಗಲಿಸಿ ಎದುರುಬದುರು ನಿಲ್ಲಿಸಿ, ಒಂದೇ ಎತ್ತರದ ಮೆಟ್ಟಿಲುಗಳ ಮೇಲೆ ಹಲಗೆ ಹಾಯಿಸಿ. ಎತ್ತರದ ಸ್ಟೂಲ್ ಎರಡಿದ್ದರೆ ಅವೂ ಆಗುತ್ತವೆ. ಕುರ್ಚಿಯ ಬೆನ್ನುಗಳ ಮೇಲೆ ಮಾತ್ರ ಹಲಗೆ ಇಡಬೇಡಿ. ನೋಡಲು ಸರಿಯಾದ ಎತ್ತರ ಅನ್ನಿಸುತ್ತದೆ, ಆದರೆ ಕುರ್ಚಿ ಹಿಂದಕ್ಕೆ ವಾಲುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಇನ್ನು ನನ್ನ ಒಂದು ಪೆದ್ದುತನದ ಕಥೆ. ಮೊದಲ ಸಲ ಒಂದೂವರೆ ಮೀಟರ್ ಹಲಗೆಯನ್ನು ಎರಡು ಸ್ಟೂಲ್ ಮೇಲೆ ಹಾಕಿದೆ. ಕಾಲಿಗೆ ಅಡ್ಡ ಬರಬಾರದು ಎಂದು ಸ್ಟೂಲ್‌ಗಳನ್ನು ನಡುವಿಗೆ, ಹತ್ತಿರ ಹತ್ತಿರ ಇಟ್ಟಿದ್ದೆ. ಐಸ್ ತುಂಬಿದ ಪಾತ್ರೆಯನ್ನು ತುದಿಯಲ್ಲಿ ಇಟ್ಟೆ. ಹಲಗೆ ಏತದ ಹಾಗೆ ಎದ್ದಿತು. ಇನ್ನೊಂದು ತುದಿಯಲ್ಲಿದ್ದ ಮಸಾಲೆಯ ಬೋಗುಣಿ ಗಾಳಿಯಲ್ಲಿ ಒಂದು ಸುತ್ತು ಹೊಡೆದು ನನ್ನ ಕಾಲ ಮೇಲೆ ಬಿತ್ತು.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಹಲಗೆ 150 ಸೆಂ.ಮೀ. ಉದ್ದ, 8 ಕೆ.ಜಿ. ತೂಕ ಎಂದುಕೊಳ್ಳಿ. ಆಸರೆಗಳ ಅಂತರ 60 ಸೆಂ.ಮೀ. ಇದ್ದರೆ ಎರಡೂ ಕಡೆ 45 ಸೆಂ.ಮೀ. ಹೊರಚಾಚುತ್ತದೆ. ಆಗ ತುದಿಯಲ್ಲಿ ಐದೂವರೆ ಕೆ.ಜಿ. ಇಟ್ಟರೆ ಸಾಕು, ಹಲಗೆ ಏಳುತ್ತದೆ. ಅದೇ ಆಸರೆಗಳನ್ನು 100 ಸೆಂ.ಮೀ. ದೂರಕ್ಕೆ ಸರಿಸಿದರೆ ಚಾಚು 25 ಸೆಂ.ಮೀ.ಗೆ ಇಳಿಯುತ್ತದೆ. ಈಗ ಏಳಲು 16 ಕೆ.ಜಿ. ಬೇಕು. ಹಲಗೆ ಅದೇ, ಸ್ಟೂಲ್ ಅದೇ, ಇಟ್ಟ ಜಾಗ ಮಾತ್ರ ಬೇರೆ. ಹಾಗಾಗಿ ಆಸರೆ ತುದಿಗಳ ಹತ್ತಿರ ಇರಲಿ, ಭಾರದ್ದು ಆಸರೆಯ ನೇರ ಮೇಲೆ ಇರಲಿ. ಹಲಗೆಯನ್ನು ಸ್ಟೂಲ್‌ಗೆ ಹಗ್ಗದಿಂದಲೋ ಸಿ ಆಕಾರದ ಕ್ಲಾಂಪ್‌ನಿಂದಲೋ ಬಿಗಿದರೆ ಜಾರುವ ಭಯವೂ ಹೋಗುತ್ತದೆ. ಅದೂ ಇಲ್ಲದಿದ್ದರೆ ಹಲಗೆ ಮತ್ತು ಆಸರೆ ನಡುವೆ ಹಳೆಯ ರಬ್ಬರ್ ಟ್ಯೂಬಿನ ತುಂಡು ಇಡಿ.

ಸಿಮೆಂಟ್ ಬ್ಲಾಕ್ ಪೇರಿಸಿದರೆ ಹೇಗೆ?

ಗಟ್ಟಿ, ಬೆಂಕಿಗೆ ಹೆದರುವುದಿಲ್ಲ, ಗಾಳಿ ಮಳೆಗೆ ಜಗ್ಗುವುದಿಲ್ಲ. ನೆಲ ಗಟ್ಟಿಯಾಗಿ ಮಟ್ಟಸವಾಗಿ ಇದ್ದರೆ ಇದಕ್ಕಿಂತ ಸುಲಭದ್ದಿಲ್ಲ. 40×20×20 ಸೆಂ.ಮೀ. ಟೊಳ್ಳು ಬ್ಲಾಕ್ ಆದರೆ ಒಂದು ಸಾಲಿಗೆ ಎರಡು, ಮುಂದಿನ ಸಾಲಿಗೆ ಅವುಗಳ ಮೇಲೆ ಅಡ್ಡಲಾಗಿ ಎರಡು. ಹೀಗೆ ನಾಲ್ಕು ಸಾಲು ಏರಿಸಿದರೆ 80 ಸೆಂ.ಮೀ. ಹತ್ತಿರದ ಒಂದು ಕಂಬ. ಅಂಥ ಎರಡು ಕಂಬ, ಮೇಲೊಂದು ದಪ್ಪ ಹಲಗೆ. ಒಂದರ ಮೇಲೊಂದು ಒಂಟಿ ಬ್ಲಾಕ್ ಪೇರಿಸಬೇಡಿ. ಒಂದು ಮಗು ಒರಗಿದರೂ ಅದು ಉರುಳಬಹುದು.

ತೂಕದ ಕಡೆ ಗಮನ ಇರಲಿ. ಹದಿನಾರು ಬ್ಲಾಕ್ ಆಯಿತಲ್ವಾ? ಒಂದಕ್ಕೆ 16 ಕೆ.ಜಿ. ಹಿಡಿದರೂ ಒಟ್ಟು 256 ಕೆ.ಜಿ. ನಾಲ್ಕು ಜನ ದೊಡ್ಡವರು ಹಗಲು ರಾತ್ರಿ ಒಂದೇ ಕಡೆ ನಿಂತ ಹಾಗೆ. ನೆಲದ ಮೇಲೆ ಪರವಾಗಿಲ್ಲ. ಬಾಲ್ಕನಿಯಲ್ಲಿ ಇದು ಬೇಡ.

ಮನೆಯಲ್ಲಿರುವ ಇಸ್ತ್ರಿ ಮೇಜು, ಪ್ಲಾಸ್ಟಿಕ್ ಮೇಜು, ಗಾಜಿನ ಮೇಜು ಬಳಸಬಹುದಾ?

ಇಸ್ತ್ರಿ ಮೇಜಿನ ಎತ್ತರ ಬೇಕಾದಂತೆ ಬದಲಿಸಬಹುದು, ಮಡಚಬಹುದು. ಅದಕ್ಕೇ ಎಲ್ಲರಿಗೂ ಈ ಉಪಾಯ ಹೊಳೆಯುತ್ತದೆ. ತಟ್ಟೆ, ಕಾಗದ, ಸಾಸ್ ಬಾಟಲಿ ಇಡಲು ಸರಿ. ಹೆಚ್ಚಲು, ಕುಟ್ಟಲು, ಬಿಸಿ ಬಾಣಲೆ ಇಳಿಸಲು ಬೇಡ. ಕಾಲುಗಳ ನಿಲುವು ಕಿರಿದು, ಮೇಲಿನ ಬಟ್ಟೆಗೆ ಜಿಡ್ಡು ಹಿಡಿಯುತ್ತದೆ. ಆಮೇಲೆ ಮನೆಯಲ್ಲಿ ಅದರ ವಿಚಾರಣೆ ಬೇರೆ.

ಪ್ಲಾಸ್ಟಿಕ್ ಮೇಜು ಗ್ರಿಲ್‌ನಿಂದ ದೂರ ಇದ್ದರೆ ಆದೀತು. ಹೊರಾಂಗಣ ಮೇಜುಗಳಿಗೆ ಬಳಸುವ ಪಾಲಿಥೀನ್ 130, ಪಾಲಿಪ್ರೊಪಿಲೀನ್ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತವೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತವೆ. ಗ್ರಿಲ್‌ನಿಂದ ಇಳಿದ ಕಬ್ಬಿಣದ ಬಾಣಲೆ 200 ಡಿಗ್ರಿ ದಾಟಿರುತ್ತದೆ. ಅದನ್ನು ನೇರವಾಗಿ ಇಟ್ಟರೆ ತಳದ ಅಚ್ಚು ಮೇಜಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ.

ಗಾಜಿನ ಮೇಜು ಬೇಡ. ಗಟ್ಟಿ ಮಾಡಿದ ಗಾಜೇ ಆದರೂ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಆದಾಗ ಒಮ್ಮೆಲೇ ಪುಡಿಯಾಗಬಹುದು.

ಸರಕು ಬರುವ ಮರದ ಪ್ಯಾಲೆಟ್ ಪುಕ್ಕಟೆ ಸಿಕ್ಕಿದೆ. ಅದರಿಂದ ಮಾಡಬಹುದಾ?

ಮಾಡಬಹುದು, ಆದರೆ ಮೊದಲು ಅದರ ಪಕ್ಕದ ಮುದ್ರೆ ಓದಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳಲ್ಲಿ ಕೀಟ ಸಾಯಿಸಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಇದೆ. ಹೇಗೆ ಸಾಯಿಸಿದ್ದಾರೆ ಎಂಬುದನ್ನು ಗೋಧಿ ತೆನೆಯ ಚಿತ್ರದ ಪಕ್ಕ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಎಚ್‌ಟಿ ಎಂದಿದ್ದರೆ ಮರದ ತಿರುಳಿನವರೆಗೂ 56 ಡಿಗ್ರಿ ಬಿಸಿ ಮುಟ್ಟಿಸಿ 30 ನಿಮಿಷ ಹಿಡಿದಿದ್ದಾರೆ ಎಂದರ್ಥ. ಅದು ಸರಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಅದು ಆಹಾರದ ಹತ್ತಿರ ಬೇಡ. ಮುದ್ರೆಯೇ ಇಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ.

ಎಚ್‌ಟಿ ಮುದ್ರೆ ಇದ್ದ ಮಾತ್ರಕ್ಕೆ ಪ್ಯಾಲೆಟ್ ಶುದ್ಧ ಎಂದೂ ಅಲ್ಲ. ಅದರ ಮೇಲೆ ಯಾವ ಡ್ರಮ್ ಕುಳಿತಿತ್ತು, ಏನು ಸೋರಿತ್ತು ಎಂಬುದನ್ನು ಮುದ್ರೆ ಹೇಳುವುದಿಲ್ಲ. ಎಣ್ಣೆ ಕಲೆ, ಘಾಟು ವಾಸನೆ ಇದ್ದರೆ ಬಿಡಿ. ಒಳ್ಳೆಯದು ಸಿಕ್ಕಿದರೂ ಅದನ್ನು ಕಾಲು, ಕೆಳಗಿನ ಅರೆ (ಸಾಮಾನು ಇಡುವ ಹಲಗೆ) ಮಾಡಲು ಬಳಸಿ. ಸಿಬಿರು ಏಳುವ ಮರ ಕೈ ಆಡುವ ಮೇಲ್ಮೈಗೆ ಹೊಂದುವುದಿಲ್ಲ.

ಇನ್ನೊಂದು ಮಾತು. ಪ್ಯಾಲೆಟ್ ಬಿಚ್ಚುವುದು ವಿಡಿಯೊಗಳಲ್ಲಿ ಕಂಡಷ್ಟು ಸುಲಭವಲ್ಲ. ಅದರ ಮೊಳೆಗಳಿಗೆ ಸುರುಳಿ ಗೆರೆ ಇರುತ್ತದೆ, ಕಿತ್ತರೆ ಹಲಗೆಯೇ ಸೀಳುತ್ತದೆ. ಸರಿಯಾದ ಉಪಕರಣ ಇಲ್ಲದಿದ್ದರೆ ಬಿಚ್ಚಲು ಹೋಗದೆ ಇಡಿಯಾಗಿಯೇ ಬಳಸಿಕೊಳ್ಳುವುದು ಲೇಸು.

ಹಳೆಯ ಬೇಲಿಯ ಕಂಬ, ಡೆಕ್‌ನ ಹಲಗೆ ಇವೆ. ಬಳಸಲಾ?

ಹಸಿರು ಛಾಯೆಯ, ಗೆದ್ದಲು ಹಿಡಿಯದಂತೆ ರಾಸಾಯನಿಕ ತುಂಬಿಸಿದ ಮರ ಹೌದಾ ನೋಡಿ. ಹಳೆಯದಾದರೆ ಅದರಲ್ಲಿ ತಾಮ್ರ, ಕ್ರೋಮಿಯಂ ಜೊತೆಗೆ ಆರ್ಸೆನಿಕ್ ಇರಬಹುದು. ಆಹಾರ ಇಡುವ ಮೇಲ್ಮೈಗೆ ಬೇಡ. ಅದರ ಚೂರುಗಳನ್ನು ಗ್ರಿಲ್ ಹಚ್ಚಲು ಹಾಕುವುದಂತೂ ಖಂಡಿತ ಬೇಡ. ಹೊಗೆಯಲ್ಲೂ ವಿಷ, ಬೂದಿಯಲ್ಲೂ ವಿಷ. ಬಣ್ಣ ಬಳಿದ ಮರಕ್ಕೂ ಇದೇ ಮಾತು.

ಒಂದು ಕೈಗರಗಸ, ಒಂದು ಸ್ಕ್ರೂ ಡ್ರೈವರ್ ಇದೆ. ಇಷ್ಟರಲ್ಲಿ ಸರಿಯಾದ ಮೇಜು ಸಾಧ್ಯವಾ?

ಸಾಧ್ಯ. ಅರ್ಧ ದಿನದ ಕೆಲಸ. ಗರಗಸದ ಕೆಲಸ ಬೇಡವೆಂದರೆ ಮರ ಕೊಳ್ಳುವಾಗಲೇ ಅಳತೆ ಕೊಟ್ಟು ಕೊಯ್ಯಿಸಿಕೊಂಡು ಬನ್ನಿ.

ಅಳತೆ ಇದು. ಐದು ಸೆಂ.ಮೀ. ಚೌಕದ ನಾಲ್ಕು ಕಾಲು, ತಲಾ 85 ಸೆಂ.ಮೀ. ಎರಡು ಸೆಂ.ಮೀ. ದಪ್ಪ, ಏಳೆಂಟು ಸೆಂ.ಮೀ. ಅಗಲದ ಪಟ್ಟಿಗಳು: 45 ಸೆಂ.ಮೀ.ನವು ನಾಲ್ಕು, 80 ಸೆಂ.ಮೀ.ನವು ಎರಡು, ಓರೆ ಆಸರೆಗೆ 120 ಸೆಂ.ಮೀ.ನದು ಒಂದು. ಮೇಲ್ಮೈಗೆ ಹತ್ತು ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಐದು ಹಲಗೆ.

ಮೊದಲು ಎರಡು ಕಾಲುಗಳನ್ನು ನೆಲದ ಮೇಲೆ ಮಲಗಿಸಿ. 45 ಸೆಂ.ಮೀ. ಪಟ್ಟಿಯೊಂದನ್ನು ಮೇಲಿನ ತುದಿಗೆ ಸಮವಾಗಿ, ಇನ್ನೊಂದನ್ನು ಕೆಳಗಿನಿಂದ ಒಂದು ಗೇಣು ಎತ್ತರದಲ್ಲಿ ಅಡ್ಡ ಕೂರಿಸಿ ಸ್ಕ್ರೂ ಹಾಕಿ. ಏಣಿಯ ಒಂದು ತುಂಡಿನಂತೆ ಕಾಣುತ್ತದೆ. ಇಂಥವು ಎರಡು. ಅವನ್ನು ನಿಲ್ಲಿಸಿ, ಮುಂದೊಂದು ಹಿಂದೊಂದು 80 ಸೆಂ.ಮೀ. ಪಟ್ಟಿಯಿಂದ ಜೋಡಿಸಿ. ನಿಲ್ಲಿಸುವಾಗ ಹಿಡಿದುಕೊಳ್ಳಲು ಯಾರನ್ನಾದರೂ ಕರೆಯಿರಿ, ಒಬ್ಬರೇ ಮಾಡಲು ಹೋದರೆ ಗಲ್ಲ, ಮಂಡಿ ಎಲ್ಲ ಬೇಕಾಗುತ್ತದೆ. ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಹಾಕಿ, ಉಳಿದ ಉದ್ದವನ್ನು ಕೊಯ್ದುಬಿಡಿ. ಕೊನೆಗೆ ಮೇಲಿನ ಹಲಗೆಗಳು, ಒಂದಕ್ಕೊಂದು ನಾಲ್ಕೈದು ಮಿ.ಮೀ. ಸಂದು ಬಿಟ್ಟು. ಮರ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ. ಸಂದು ಇಲ್ಲದಿದ್ದರೆ ಹಲಗೆಗಳು ಒಂದನ್ನೊಂದು ತಳ್ಳಿ ಉಬ್ಬಿಕೊಳ್ಳುತ್ತವೆ.

ಕೆಲವು ಸಣ್ಣ ಕೈಚಳಕಗಳನ್ನೂ ಹೇಳಿಬಿಡುತ್ತೇನೆ, ಕೆಲಸ ಕೆಡುವುದು ಇಲ್ಲೇ. ನಾಲ್ಕು ಕಾಲನ್ನೂ ಟೇಪಿನಿಂದ ನಾಲ್ಕು ಸಲ ಅಳೆಯಬೇಡಿ. ಒಂದನ್ನು ಅಳೆದು ಕೊಯ್ದು, ಅದನ್ನೇ ಇಟ್ಟು ಉಳಿದ ಮೂರಕ್ಕೂ ಗೆರೆ ಎಳೆಯಿರಿ. ಮೂಲೆಮಟ್ಟ ಇಲ್ಲದಿದ್ದರೆ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ, ಎರಡೂ ಒಂದೇ ಬಂದರೆ ಮೂಲೆ ನೇರ ಇದೆ. ಎರಡು ಸೆಂ.ಮೀ. ಪಟ್ಟಿಯನ್ನು ಕಾಲಿಗೆ ಬಿಗಿಯಲು 50 ಮಿ.ಮೀ. ಸ್ಕ್ರೂ ಬೇಕು, ಅದರ ಮುಕ್ಕಾಲು ಪಾಲಾಗದಿದ್ದರೂ ಅರ್ಧಕ್ಕಿಂತ ಜಾಸ್ತಿ ಕಾಲಿನೊಳಗೆ ಹೋಗಬೇಕು. ತುದಿಯ ಹತ್ತಿರ ನೇರವಾಗಿ ಸ್ಕ್ರೂ ತಿರುಗಿಸಿದರೆ ಮರ ಸೀಳುತ್ತದೆ. ಡ್ರಿಲ್ ಇಲ್ಲ ಅಲ್ವಾ? ಸ್ಕ್ರೂಗಿಂತ ತೆಳುವಾದ ಮೊಳೆಯನ್ನು ಹೊಡೆದು ಕಿತ್ತು ತೆಗೆಯಿರಿ, ಅದೇ ದಾರಿಯ ತೂತು. ಸ್ಕ್ರೂವಿನ ಗೆರೆಗಳಿಗೆ ಮೇಣದಬತ್ತಿ ಉಜ್ಜಿ. ಕೈಯಿಂದ ತಿರುಗಿಸುವವರಿಗೆ ಇದರ ಬೆಲೆ ಮೂರನೆಯ ಸ್ಕ್ರೂ ಹೊತ್ತಿಗೆ ಗೊತ್ತಾಗುತ್ತದೆ.

ಬರೀ ಮೊಳೆ ಸಾಲದಾ ಎಂದು ಕೇಳಬಹುದು. ಮೊಳೆ ಹೊಡೆದ ಮೇಜು ಒಂದು ಬೇಸಿಗೆ ಗಟ್ಟಿ ಇರುತ್ತದೆ. ಮರ ಒಣಗಿ, ನೆನೆದು, ಮತ್ತೆ ಒಣಗುವಾಗ ಮೊಳೆ ಮೆಲ್ಲಗೆ ಹೊರಗೆ ಬರುತ್ತದೆ.

ಮೇಜು ಅಲುಗಾಡುತ್ತದೆ. ಇನ್ನೂ ಸ್ಕ್ರೂ ಹಾಕಲಾ?

ಬೇಡ. ಅಲುಗಾಟದಲ್ಲಿ ಎರಡು ಬಗೆ. ಒಂದು ಕಾಲು ನೆಲ ಮುಟ್ಟದೆ ಟಕ್ ಟಕ್ ಎನ್ನುವುದು ಮೊದಲನೆಯದು. ಅದು ನೆಲದ ತಪ್ಪು. ಒಂದು ಬೆಣೆ ಇಡಿ, ಮುಗಿಯಿತು. ಇಡೀ ಮೇಜು ಪಕ್ಕಕ್ಕೆ ತೂಗುವುದು ಎರಡನೆಯದು. ನಾಲ್ಕು ಪಟ್ಟಿಯ ಚೌಕಟ್ಟು ಎಷ್ಟು ಸ್ಕ್ರೂ ಹಾಕಿದರೂ ಓರೆಯಾಗಬಲ್ಲದು, ಮೂರು ಪಟ್ಟಿಯ ತ್ರಿಕೋನ ಆಗಲಾರದು. ಯಾವ ಕಡೆಗೆ ತೂಗುತ್ತದೋ ಆ ಬದಿಯಲ್ಲಿ ಒಂದು ಓರೆ ಪಟ್ಟಿ ಹಾಕಿ. ಮರದ ಪಟ್ಟಿ ಇಲ್ಲದಿದ್ದರೆ ಮೂಲೆಯಿಂದ ಮೂಲೆಗೆ ಅಡ್ಡಹಾಯುವಂತೆ ಎರಡು ಹಗ್ಗ ಬಿಗಿದು ಕಟ್ಟಿದರೂ ನಿಲ್ಲುತ್ತದೆ.

ನೆಲದ ಮೇಲೆ ಜಾಗವೇ ಇಲ್ಲ.

ಹಾಗಾದರೆ ಗೋಡೆಗೆ ಮಡಚುವ ಹಲಗೆ. ಗೋಡೆಗೆ ಒಂದು ದಪ್ಪ ಮರದ ಪಟ್ಟಿ ಭದ್ರವಾಗಿ ಕೂರಿಸಿ, ಅದಕ್ಕೆ ಹಿಂಜ್ ಹಾಕಿ 40 ಸೆಂ.ಮೀ. ಅಗಲದ ಹಲಗೆ ತೂಗಿಬಿಡಿ. ಎತ್ತಿದಾಗ ಹಿಡಿದುಕೊಳ್ಳಲು ಕೆಳಗಿನಿಂದ ಮಡಚುವ ಬ್ರಾಕೆಟ್, ಇಲ್ಲವೇ ಮೇಲಿನಿಂದ ಎರಡು ಸರಪಳಿ. ಸರಪಳಿ ಗೋಡೆಗೆ ಕನಿಷ್ಠ 45 ಡಿಗ್ರಿ ಓರೆಯಲ್ಲಿ ಏರಬೇಕು, ಅಂದರೆ ಹಲಗೆ 40 ಸೆಂ.ಮೀ. ಇದ್ದರೆ ಕೊಕ್ಕೆ ಅದಕ್ಕಿಂತ 40 ಸೆಂ.ಮೀ. ಮೇಲಿರಲಿ. ಇನ್ನೂ ಕೆಳಗೆ ಹಾಕಿದಷ್ಟೂ ಸರಪಳಿಯ ಎಳೆತ ಜಾಸ್ತಿ, ಗೋಡೆಯ ಸ್ಕ್ರೂ ಕಿತ್ತು ಬರುತ್ತದೆ. ಇದಕ್ಕೆ ಡ್ರಿಲ್ ಬೇಕೇ ಬೇಕು, ಒಂದು ಗಂಟೆಗೆ ಯಾರಿಂದಲಾದರೂ ಎರವಲು ತನ್ನಿ.

ಬಾಲ್ಕನಿಯ ಕಟಾಂಜನದ ಮೇಲೆ ನೇತುಹಾಕುವ ಹಲಗೆಗಳೂ ಇವೆ. ನನಗೆ ಅವು ಹಿಡಿಸುವುದಿಲ್ಲ. ಒಂದು ಚಾಕು ಜಾರಿದರೆ ಕೆಳಗೆ ಯಾರಿದ್ದಾರೋ ಏನೋ.

ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಎಂದರೆ ಮಡಚುವ ಚೌಕಟ್ಟಿನ ಮೇಲೆ ಬಿಡಿಸಿಡಬಹುದಾದ ಹಲಗೆ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಎರಡನ್ನೂ ಗೋಡೆಗೆ ಒರಗಿಸಿದರೆ ಒಂದು ಗೇಣು ಜಾಗ ಸಾಕು.

ಮೇಲ್ಮೈಗೆ ಯಾವುದು ಒಳ್ಳೆಯದು? ಮರ, ಸ್ಟೀಲ್, ಕಲ್ಲು?

ಇದಕ್ಕೆ ತುಂಬ ತಲೆಕೆಡಿಸಿಕೊಳ್ಳುತ್ತಾರೆ. ನನ್ನ ಉತ್ತರ: ಟ್ರೇ. ಅಂಚು ಇರುವ ದೊಡ್ಡ ಸ್ಟೀಲ್ ಟ್ರೇ ಎರಡು ಇಟ್ಟುಕೊಳ್ಳಿ, ಕೆಳಗಿನ ಹಲಗೆ ಹೇಗಾದರೂ ಇರಲಿ. ಹಸಿ ಮಾಂಸದ ನೀರು ಟ್ರೇಯಲ್ಲೇ ನಿಲ್ಲುತ್ತದೆ, ಮರದ ಸಂದಿಗೆ ಇಳಿಯುವುದಿಲ್ಲ. ಹೊರಗಿನ ಮೇಜನ್ನು ಬಿಸಿನೀರು, ಸೋಪು ಹಾಕಿ ತಿಕ್ಕುವುದು ತಾಪತ್ರಯ, ಟ್ರೇಯನ್ನು ಎತ್ತಿಕೊಂಡು ಒಳಗೆ ಹೋಗಿ ಬೆಳಗುವುದು ಸುಲಭ. ಬರುವಾಗ ಎಲ್ಲ ಸಾಮಾನೂ ಒಂದೇ ಸಲಕ್ಕೆ ಅದರಲ್ಲೇ ಬರುತ್ತದೆ.

ಮೇಲೆ ತಗಡು ಹೊದಿಸುವ ಯೋಚನೆ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್ ಹೊದಿಸಿ. ಸತು ಲೇಪಿಸಿದ ತಗಡು ಅಗ್ಗ, ಆದರೆ ಹುಳಿ ತಾಗಿದರೆ ಸತು ಕರಗಿ ಆಹಾರಕ್ಕೆ ಸೇರುತ್ತದೆ. ನಿಂಬೆಹುಳಿ, ವಿನೆಗರ್, ಮೊಸರು ಹಾಕಿ ನೆನೆಸಿದ್ದನ್ನು ಅದರ ಮೇಲೆ ಇಡಬೇಡಿ. ಯಾವ ತಗಡೇ ಆದರೂ ಅಂಚನ್ನು ಮಡಚಿ ಕೆಳಗೆ ಹೊಡೆಯಿರಿ. ಕತ್ತರಿಸಿದ ಅಂಚು ಚಾಕುವಿಗಿಂತ ಮೋಸಗಾರ.

ಕಲ್ಲು ಚೆಂದ, ಆದರೆ 2 ಸೆಂ.ಮೀ. ದಪ್ಪದ ಗ್ರಾನೈಟ್ 90×50 ಅಳತೆಗೆ ಸುಮಾರು 24 ಕೆ.ಜಿ. ತೂಗುತ್ತದೆ. ಮಡಚುವ ಮೇಜಿಗೆ ಇದು ಹೊಂದುವುದಿಲ್ಲ.

ಬಿಸಿ ಪಾತ್ರೆ ಇಳಿಸಲು ಒಂದು ಮೂಲೆಯಲ್ಲಿ ನೆಲಕ್ಕೆ ಹಾಕುವ ಟೈಲ್ ಇಡಿ. ಟೈಲ್ ನೇರ ಮರದ ಮೇಲೆ ಕೂತರೆ ಬಿಸಿ ಕೆಳಗೂ ಇಳಿಯುತ್ತದೆ. ನಾಲ್ಕು ಮೂಲೆಗೆ ನಾಲ್ಕು ಲೋಹದ ವಾಷರ್ ಇಟ್ಟು ಸ್ವಲ್ಪ ಎತ್ತರಿಸಿದರೆ ನಡುವಿನ ಗಾಳಿ ಮರವನ್ನು ಕಾಯುತ್ತದೆ.

ಮರಕ್ಕೆ ಎಣ್ಣೆ ಹಚ್ಚಬೇಕಾ?

ಹಚ್ಚಿದರೆ ಬಾಳಿಕೆ ಬರುತ್ತದೆ. ಮೊದಲು ಸ್ಯಾಂಡ್ ಪೇಪರ್ ಉಜ್ಜಿ ಸಿಬಿರು ತೆಗೆಯಿರಿ. ಆಹಾರ ತಾಗುವ ಜಾಗಕ್ಕೆ ಆಹಾರ ದರ್ಜೆಯ ಮಿನರಲ್ ಆಯಿಲ್ ಸಾಕು. ಅಡುಗೆ ಎಣ್ಣೆ ಬೇಡ, ಕೆಲವು ವಾರಕ್ಕೆ ಮುಗ್ಗಿ ಅಂಟಂಟಾಗುತ್ತದೆ.

ಅಗಸೆ ಎಣ್ಣೆಯನ್ನೂ ಹಚ್ಚುತ್ತಾರೆ. ಅದಕ್ಕೊಂದು ಎಚ್ಚರಿಕೆ ಇದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾರದೆ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಿಲ್ಲ. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮೇಜನ್ನು ಗ್ರಿಲ್‌ಗೆ ಎಷ್ಟು ಹತ್ತಿರ ಇಡಬಹುದು?

ಒಂದು ಹೆಜ್ಜೆ ಅಂತರ ಇರಲಿ, 60-70 ಸೆಂ.ಮೀ. ಗ್ರಿಲ್ ಪೂರ್ತಿ ಕಾದ ಮೇಲೆ ಅಂಗೈಯನ್ನು ಮೇಜಿನ ಆ ಬದಿಯ ಅಂಚಿನ ಮೇಲೆ ಒಂದು ನಿಮಿಷ ಇಟ್ಟು ನೋಡಿ. ಇಡಲು ಆಗದಿದ್ದರೆ ಮೇಜಿಗೂ ಆಗುವುದಿಲ್ಲ, ದೂರ ಸರಿಸಿ. ಕೆಂಡದ ಬಿಸಿ 600 ಡಿಗ್ರಿ ದಾಟಬಲ್ಲದು, ಮರ 300ರ ಒಳಗೇ ಹೊತ್ತಿಕೊಳ್ಳುವಂಥದ್ದು. ಅಷ್ಟು ಬಿಸಿ ತಾಗದಿದ್ದರೂ ದಿನವೂ ಕಾದು ಕಪ್ಪಾದ ಮರಕ್ಕೆ ಬೆಂಕಿ ಇನ್ನೂ ಬೇಗ ಹಿಡಿಯುತ್ತದೆ.

ಯಾವ ಕಡೆ ಇಡಬೇಕು ಎಂಬುದೂ ಮುಖ್ಯ. ಬಲಗೈಯವರಿಗೆ ಬಲಕ್ಕೆ, ಎಡಗೈಯವರಿಗೆ ಎಡಕ್ಕೆ. ಬೆಂಕಿಯ ಮೇಲಿಂದ ಕೈ ಚಾಚುವ ಪ್ರಸಂಗ ಬರಬಾರದು. ಗಾಳಿ ಬೀಸುವ ದಿಕ್ಕು ನೋಡಿ, ಹೊಗೆ ಮೇಜಿನ ಕಡೆಗೆ ಹೋಗದಂತೆ ನಿಲ್ಲಿಸಿ.

ಗ್ರಿಲ್ ಮತ್ತು ಗೋಡೆಯ ನಡುವೆ 3 ಮೀಟರ್ ಬಿಡಿ ಎನ್ನುವುದು ಅಗ್ನಿಶಾಮಕದವರು ಸಾಮಾನ್ಯವಾಗಿ ಹೇಳುವ ಮಾತು. ಇದ್ದಿಲ ಗ್ರಿಲ್ ಅನ್ನು ಮುಚ್ಚಿದ ಬಾಲ್ಕನಿ, ಗ್ಯಾರೇಜು, ಡೇರೆ ಒಳಗೆ ಯಾವತ್ತೂ ಹಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ.

ಗ್ಯಾಸ್ ಸಿಲಿಂಡರನ್ನು ಮೇಜಿನ ಕೆಳಗೆ ಇಡಬಹುದಾ?

ನಾಲ್ಕು ಕಡೆಯೂ ತೆರೆದಿದ್ದರೆ, ನೆಟ್ಟಗೆ ನಿಲ್ಲಿಸಿದ್ದರೆ, ಮೇಲಿನಿಂದ ಬಿಸಿ ತಾಗದಿದ್ದರೆ ಇಡಬಹುದು. ಸುತ್ತ ಹಲಗೆ ಹೊಡೆದು ಪೆಟ್ಟಿಗೆ ಮಾಡಬೇಡಿ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹೋಗದೆ ಪೆಟ್ಟಿಗೆಯ ತಳದಲ್ಲೇ ತುಂಬಿಕೊಳ್ಳುತ್ತದೆ.

ಇಷ್ಟು ಚಿಕ್ಕ ಮೇಜಿನಲ್ಲಿ ಹಸಿಯದ್ದು, ಬೆಂದದ್ದು ಬೇರೆ ಬೇರೆ ಇಡುವುದು ಹೇಗೆ?

ಮೇಜಿನ ನಡುವೆ ಒಂದು ಗೆರೆ ಅಂದುಕೊಳ್ಳಿ. ನಿಜವಾಗಿಯೂ ಬಣ್ಣದ ಟೇಪ್ ಅಂಟಿಸಿದರೆ ಇನ್ನೂ ಒಳ್ಳೆಯದು, ಸಹಾಯಕ್ಕೆ ಬಂದವರಿಗೂ ಗೊತ್ತಾಗುತ್ತದೆ. ಗ್ರಿಲ್‌ನಿಂದ ದೂರದ ಅರ್ಧ ಹಸಿಗೆ, ಹತ್ತಿರದ ಅರ್ಧ ಬೆಂದದ್ದಕ್ಕೆ. ಹಾಗಾದರೆ ಬೆಂದದ್ದನ್ನು ಇಳಿಸುವಾಗ ಹಸಿಯದರ ಮೇಲಿಂದ ಹಾಯುವುದಿಲ್ಲ. ಇಕ್ಕಳವೂ ಎರಡು ಇರಲಿ. ಜಾಗ ಅರ್ಧಕ್ಕೂ ಸಾಲದಿದ್ದರೆ ಹಸಿ ಟ್ರೇ ಮೇಜಿನ ಮೇಲೆ ಇರುವುದೇ ಬೇಡ, ಮುಚ್ಚಳ ಹಾಕಿ ಕೆಳಗಿನ ಅರೆಯಲ್ಲಿ ಐಸ್ ಪೆಟ್ಟಿಗೆಯೊಳಗೆ ಇರಲಿ. ಹಸಿ ಮಾಂಸ ನೆನೆಸಿದ ಮಸಾಲೆಯ ನೀರನ್ನು ಬೆಂದದ್ದರ ಮೇಲೆ ಸವರುವ ಆಸೆ ಇದ್ದರೆ ಮಾಂಸ ಹಾಕುವ ಮೊದಲೇ ಸ್ವಲ್ಪ ಬೇರೆ ತೆಗೆದಿಟ್ಟುಕೊಳ್ಳಿ.

ಹೊರಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಹಾಗಾಗಿ ಮೇಜಿನ ಮೇಲೆ ಎರಡು ಗಂಟೆ ಮಿತಿ, ಬಿಸಿಲು 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಚಿಕ್ಕದೊಂದು ಥರ್ಮಾಮೀಟರ್ ಕೊಕ್ಕೆಗೆ ನೇತುಹಾಕಿಕೊಳ್ಳಿ: ಕೋಳಿಯ ಒಳಗೆ 74 ಡಿಗ್ರಿ, ಕೊಚ್ಚಿದ ಮಾಂಸ 71, ಮೀನು 63. ಬಣ್ಣ ನೋಡಿ ಬೆಂದಿದೆ ಎನ್ನುವುದು ಸಂಜೆಗತ್ತಲಲ್ಲಿ ನಡೆಯುವ ಮಾತಲ್ಲ.

ಹತ್ತಿರ ನಲ್ಲಿ ಇಲ್ಲ. ಕೈ ತೊಳೆಯುವುದು?

ಕೆಳಗೆ ನಲ್ಲಿ ಇರುವ ನೀರಿನ ಕ್ಯಾನ್ ಒಂದನ್ನು ಮೇಜಿನ ತುದಿಯಲ್ಲಿ ಕಾಲಿನ ನೇರಕ್ಕೆ ಇಡಿ, ಕೆಳಗೊಂದು ಬಕೆಟ್, ಪಕ್ಕದಲ್ಲಿ ಸೋಪು. ಹಸಿ ಮಾಂಸ ಮುಟ್ಟಿದ ಮೇಲೆ 20 ಸೆಕೆಂಡ್ ತೊಳೆಯಿರಿ. ಹತ್ತು ಲೀಟರ್ ಕ್ಯಾನ್ ಎಂದರೆ ಹತ್ತು ಕೆ.ಜಿ., ಮೇಲಿನ ಏತದ ಕಥೆ ನೆನಪಿರಲಿ.

ಇಕ್ಕಳ, ಬ್ರಷ್, ಬಟ್ಟೆ ಎಲ್ಲ ಎಲ್ಲಿ?

ಮೇಜಿನ ಮೇಲಲ್ಲ. ಮುಂದಿನ ಪಟ್ಟಿಗೆ ನಾಲ್ಕು ಕೊಕ್ಕೆ ಹಾಕಿ. ಕೊಕ್ಕೆ ಇಲ್ಲದಿದ್ದರೆ ಅರ್ಧ ಹೊಡೆದು ಮೇಲಕ್ಕೆ ಬಗ್ಗಿಸಿದ ಮೊಳೆಯೂ ಸರಿ. ಬಟ್ಟೆ ಮಾತ್ರ ಗ್ರಿಲ್‌ನ ಕಡೆಗಲ್ಲ, ಅದರಿಂದ ದೂರದ ಬದಿಯಲ್ಲಿ.

ಮಳೆಗಾಲದಲ್ಲಿ ಹೊರಗೇ ಬಿಡಬಹುದಾ?

ಮಡಚಿ ಒಳಗಿಡುವುದು ಒಳ್ಳೆಯದು. ಬಿಡಲೇಬೇಕಾದರೆ ಕಾಲುಗಳ ಬುಡ ನೋಡಿಕೊಳ್ಳಿ. ಮರ ಕೊಯ್ದ ತುದಿ ಹುಲ್ಲುಕಡ್ಡಿಯ ಕಟ್ಟಿನ ಹಾಗೆ ನೀರು ಹೀರುತ್ತದೆ, ಮೇಜು ಕೊಳೆಯುವುದು ಅಲ್ಲಿಂದಲೇ. ಬುಡಕ್ಕೆ ಎರಡು ಸಲ ಬಣ್ಣ ಬಳಿದು, ಕೆಳಗೆ ಒಂದೊಂದು ಟೈಲ್ ಚೂರು ಇಡಿ. ಪ್ಲಾಸ್ಟಿಕ್ ಹೊದಿಸುವುದಾದರೆ ನೆಲದವರೆಗೆ ಮುಚ್ಚಬೇಡಿ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಬೂದಿಯನ್ನು ಮೇಜಿನ ಕೆಳಗಿನ ಅರೆಯಲ್ಲಿ ಇಟ್ಟರೆ?

ಬೇಡವೇ ಬೇಡ. ಮೇಲೆ ತಣ್ಣಗೆ ಕಂಡ ಬೂದಿಯೊಳಗೆ ಕೆಂಡ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಬದುಕಿರಬಹುದು. ಮುಚ್ಚಳ ಇರುವ ಲೋಹದ ಬಕೆಟಿಗೆ ಹಾಕಿ, ಮರ ಇಲ್ಲದ ಕಡೆ ನೆಲದ ಮೇಲಿಡಿ. ಕೆಳಗಿನ ಅರೆಯಲ್ಲಿ ಇರಬೇಕಾದದ್ದು ಒಂದು ಡಬ್ಬ ಮರಳು. ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಗ್ರಿಲ್‌ನ ಮುಚ್ಚಳ ಹಾಕಿ ಗಾಳಿಕಿಂಡಿ ಮುಚ್ಚಿ, ಆಚೆ ಬಿದ್ದ ಉರಿಗೆ ಮರಳು ಹಾಕಿ.